ಕೊಡಗಿನಲ್ಲಿದ್ದುಕೊಂಡೇ ಯಾಟ್‌ಗೆ ವಿದೇಶಿ ಬಾವುಟ: ನೋಂದಣಿಯ ಸಮಗ್ರ ಮಾರ್ಗದರ್ಶಿ

ಕೊಡಗಿಗೆ ಸಮುದ್ರ ಇಲ್ಲ. ಆದರೆ ಸಮುದ್ರದಲ್ಲಿ ದೋಣಿ ಇಟ್ಟುಕೊಳ್ಳಬೇಕಾದರೆ ಕರಾವಳಿಯಲ್ಲೇ ಮನೆ ಇರಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಕರಾವಳಿ ಇಲ್ಲದ ದೇಶಗಳಿಗೂ ಹಡಗಿನ ಮೇಲೆ ತಮ್ಮ ಬಾವುಟ ಹಾರಿಸುವ ಹಕ್ಕಿದೆ ಎಂದು 1921ರಲ್ಲೇ ಬಾರ್ಸಿಲೋನಾದಲ್ಲಿ ಒಪ್ಪಿಕೊಂಡರು. ಸ್ವಿಟ್ಜರ್ಲೆಂಡ್ ಬಾವುಟದ ಹಡಗುಗಳ ಹಿಂಭಾಗದಲ್ಲಿ ಬಾಸೆಲ್ ಎಂದು ಬರೆದಿರುತ್ತದೆ. ಬಾಸೆಲ್ ಇರುವುದು ನದಿ ದಂಡೆಯ ಮೇಲೆ, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿ.

ಕೊಡಗಿನಿಂದ ಹೊರಟು ದುಬೈ, ಸಿಂಗಪುರ, ಯೂರೋಪ್‌ಗಳಲ್ಲಿ ಕೆಲಸ ಮಾಡುತ್ತಿರುವವರು ಬಹಳ ಇದ್ದಾರೆ. ನೌಕಾಪಡೆಯಿಂದ, ಮರ್ಚೆಂಟ್ ನೇವಿಯಿಂದ ನಿವೃತ್ತರಾಗಿ ತೋಟಕ್ಕೆ ಮರಳಿದವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಒಂದು ಯಾಟ್, ಅಂದರೆ ಸಮುದ್ರ ವಿಹಾರದ ದೋಣಿ, ಇರಲಿ ಎಂಬ ಆಸೆ. ಅಂಥವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ದೇಶದ ಬಾವುಟ ಒಳ್ಳೆಯದು? ನನ್ನ ಪ್ರಕಾರ ಆ ಪ್ರಶ್ನೆ ಆಮೇಲೆ ಬರಬೇಕು. ಮಾಲೀಕ ಯಾರು, ದೋಣಿ ಎಲ್ಲಿ ತೇಲುತ್ತದೆ, ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಮೂರು ವಿಷಯ ಖಚಿತವಾದರೆ ಬಾವುಟ ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ. ಈ ಮೂರನ್ನು ಬಿಟ್ಟು ಬಾವುಟ ಆರಿಸಿದವರು ಆಮೇಲೆ ದುಬಾರಿ ವಕೀಲರನ್ನು ಹುಡುಕಬೇಕಾಗುತ್ತದೆ.

ಬಾವುಟ ಅಂದರೆ ಏನು?

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 91ನೇ ವಿಧಿ ಪ್ರಕಾರ, ಯಾವ ಹಡಗಿಗೆ ತನ್ನ ರಾಷ್ಟ್ರೀಯತೆ ಕೊಡಬೇಕು ಎಂಬ ಷರತ್ತನ್ನು ಆಯಾ ದೇಶವೇ ಹಾಕುತ್ತದೆ. 92ನೇ ವಿಧಿ ಪ್ರಕಾರ ಹಡಗಿಗೆ ಒಂದೇ ಬಾವುಟ. ಅನುಕೂಲ ನೋಡಿಕೊಂಡು ಎರಡು ಬಾವುಟ ಬದಲಾಯಿಸಿ ಹಾರಿಸಿದರೆ, ಅದನ್ನು ಯಾವ ದೇಶಕ್ಕೂ ಸೇರದ ಹಡಗು ಎಂದು ಪರಿಗಣಿಸಬಹುದು. ದಡದಿಂದ ದೂರ, ಯಾವ ದೇಶದ ನೀರೂ ಅಲ್ಲದ ಕಡೆ, ನಿಮ್ಮ ದೋಣಿಯೊಳಗೆ ನಡೆಯುವುದು ಬಾವುಟದ ದೇಶದ ಕಾನೂನು. ಸಿಬ್ಬಂದಿಗೆ ಅಪಘಾತವಾದರೆ, ವಿದೇಶಿ ಬಂದರಿನಲ್ಲಿ ದೋಣಿ ತಡೆದರೆ, ನೀವು ಮೊದಲು ಫೋನ್ ಮಾಡುವುದು ಆ ದೇಶದ ನೋಂದಣಿ ಕಚೇರಿಗೆ. ಹಾಗಾಗಿ ರಾತ್ರಿ ಹೊತ್ತಿನಲ್ಲೂ ಫೋನ್ ಎತ್ತುವ ಕಚೇರಿ ಇರುವ ಬಾವುಟ ಬೇಕು. ಶುಲ್ಕ ಕಮ್ಮಿ ಎಂಬುದು ಅದರ ಮುಂದೆ ಸಣ್ಣ ವಿಷಯ.

ವಿದೇಶಿ ಬಾವುಟ ಅಂದ ಕೂಡಲೇ ತೆರಿಗೆ ತಪ್ಪಿಸುವ ಕೆಲಸ ಅಂದುಕೊಳ್ಳುವವರು ಜಾಸ್ತಿ. ನಿಜವಾದ ಕಾರಣಗಳು ಬೇರೆ ಇವೆ. ಸಾಲ ಕೊಡುವ ವಿದೇಶಿ ಬ್ಯಾಂಕ್‌ಗೆ ಗೊತ್ತಿರುವ ಅಡಮಾನ ಕಾನೂನು ಬೇಕು. ಬೇರೆ ಬೇರೆ ದೇಶದ ಸಿಬ್ಬಂದಿಯನ್ನು ಇಟ್ಟುಕೊಳ್ಳುವ ಅವಕಾಶ ಬೇಕು. ಮಾರುವಾಗ ಕೊಳ್ಳುವವನಿಗೆ ನಂಬಿಕೆ ಬರಬೇಕು. ಇವು ಸಾಲದೇ? ತೆರಿಗೆ ಅಡಗಿಸಲು ಬಾವುಟ ಹುಡುಕುವವರಿಗೆ ಈ ಬರಹ ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 1: ನೀವು ಎಲ್ಲಿಯ ನಿವಾಸಿ?

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನೀವು ವಿದೇಶದಲ್ಲಿ ಕೆಲಸದಲ್ಲಿದ್ದು, ಫೆಮಾ (ವಿದೇಶಿ ವಿನಿಮಯ) ಕಾನೂನಿನ ಪ್ರಕಾರ ಅನಿವಾಸಿ ಆಗಿದ್ದರೆ ದಾರಿ ಸುಲಭ. ಅಲ್ಲಿ ದುಡಿದ ಹಣದಲ್ಲಿ ಅಲ್ಲೇ ದೋಣಿ ಕೊಳ್ಳಬಹುದು. ಮುಂದೆ ಗೋಣಿಕೊಪ್ಪಲಿಗೋ ಸೋಮವಾರಪೇಟೆಗೋ ಮರಳಿ ಬಂದರೂ, ಅನಿವಾಸಿಯಾಗಿದ್ದಾಗ ಪಡೆದ ವಿದೇಶಿ ಆಸ್ತಿಯನ್ನು ಇಟ್ಟುಕೊಳ್ಳಲು ಫೆಮಾದ 6(4)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಖರೀದಿಯ ದಿನ ನೀವು ಅನಿವಾಸಿ ಆಗಿದ್ದಿರಿ ಎಂಬುದಕ್ಕೆ ವೀಸಾ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ. ಹತ್ತು ವರ್ಷ ಕಳೆದ ಮೇಲೂ ಯಾರಾದರೂ ಕೇಳಬಹುದು.

ನೀವು ಇಲ್ಲೇ ಇರುವ ನಿವಾಸಿಯಾದರೆ ಕಥೆ ಬೇರೆ. ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ. ಕಾಫಿ ಮಾರಿದ ಹಣ ಕೈಗೆ ಬರುವುದೂ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೇ ಅಲ್ವಾ? ಮಾರ್ಚ್ 31ರೊಳಗೆ ಒಂದು ಕಂತು, ಏಪ್ರಿಲ್ 1ರ ನಂತರ ಇನ್ನೊಂದು ಕಂತು ಎಂದು ಮಾರಾಟಗಾರರ ಜೊತೆ ಮೊದಲೇ ಮಾತಾಡಿಕೊಂಡರೆ ಎರಡು ವರ್ಷದ ಮಿತಿಯನ್ನೂ ನ್ಯಾಯವಾಗಿ ಬಳಸಬಹುದು. ಗಂಡ, ಹೆಂಡತಿ, ಮಗ ಎಲ್ಲರ ಮಿತಿ ಸೇರಿಸುವ ಯೋಚನೆ ಇದ್ದರೆ, ಅವರೆಲ್ಲ ದಾಖಲೆಯಲ್ಲೂ ಸಹ ಮಾಲೀಕರಾಗಿರಬೇಕು. ಸುಮ್ನೆ ಹೆಸರಿಗೆ ಹಣ ಕಳಿಸಿದರೆ ನಡೆಯುವುದಿಲ್ಲ. ವರ್ಷಕ್ಕೆ ₹10 ಲಕ್ಷ ದಾಟಿದ ಮೊತ್ತದ ಮೇಲೆ, ಇಂಥ ಉದ್ದೇಶಕ್ಕೆ, ಬ್ಯಾಂಕ್ ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಕೂಡಿಸಿ ವಸೂಲಿ ಮಾಡುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಅಷ್ಟು ತಿಂಗಳು ಆ ಹಣ ನಿಮ್ಮ ಕೈಯಲ್ಲಿ ಇರುವುದಿಲ್ಲ. ಗೊಬ್ಬರಕ್ಕೆ, ಕೂಲಿಗೆ ಎತ್ತಿಟ್ಟ ಹಣವನ್ನು ಈ ಲೆಕ್ಕಕ್ಕೆ ತರಬೇಡಿ.

ಈಗ ಕಂಪನಿಯ ವಿಷಯ. ವಿದೇಶಿ ಏಜೆಂಟ್‌ಗಳು ಸಲೀಸಾಗಿ ಹೇಳುತ್ತಾರೆ: ಒಂದು ಕಂಪನಿ ಮಾಡಿ, ದೋಣಿ ಅದರ ಹೆಸರಿನಲ್ಲಿರಲಿ. ಆದರೆ ಭಾರತದ 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ, ನಿವಾಸಿ ಭಾರತೀಯರು ಹಣ ಹಾಕುವ ವಿದೇಶಿ ಕಂಪನಿ ನಿಜವಾದ ವ್ಯವಹಾರ ನಡೆಸುತ್ತಿರಬೇಕು. ಸ್ವಂತ ಮೋಜಿಗೆ ಒಂದು ದೋಣಿ ಇಟ್ಟುಕೊಂಡು ಸುಮ್ಮನೆ ಕೂತಿರುವ ಕಂಪನಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಬಾಡಿಗೆಗೆ ಬಿಡುವ ಚಾರ್ಟರ್ ವ್ಯವಹಾರ ನಿಜವಾಗಿ ನಡೆಯುತ್ತಿದ್ದರೆ ಮಾತು ಬೇರೆ. ಆಗಲೂ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಎಂಬ ಹೂಡಿಕೆ ವರದಿ ಸಲ್ಲಿಸಬೇಕು, ರಿಸರ್ವ್ ಬ್ಯಾಂಕ್‌ನ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಇನ್ನೊಂದು ಅಪಾಯವೂ ಇದೆ. ಕಂಪನಿಯ ಎಲ್ಲ ಮುಖ್ಯ ತೀರ್ಮಾನಗಳನ್ನೂ ನೀವು ಮಡಿಕೇರಿಯಲ್ಲಿ ಕೂತು ತೆಗೆದುಕೊಳ್ಳುತ್ತಿದ್ದರೆ, ಆ ಕಂಪನಿಯನ್ನೇ ಭಾರತದ ತೆರಿಗೆ ನಿವಾಸಿ ಎಂದು ಆದಾಯ ತೆರಿಗೆ ಇಲಾಖೆ ಪರಿಗಣಿಸುವ ಪ್ರಶ್ನೆ ಏಳಬಹುದು.

ನೇರವಾಗಿ ನಿಮ್ಮ ಹೆಸರಿನಲ್ಲೇ ಕೊಳ್ಳುವಿರಾದರೆ ಭಾರತದ ಹಡಗು ಕಾನೂನು ನಿಮಗೆ ಏನು ಹೇಳುತ್ತದೆ ಎಂದು ಮೊದಲು ನೋಡಬೇಕು. 1958ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ತಂದಿದೆ. ಮಂಗಳೂರು, ಕೊಚ್ಚಿ ಅಥವಾ ಮುಂಬೈನ ಹಡಗು ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದಲೂ ಹಣ ಕಳಿಸುವ ಉದ್ದೇಶ ಯಾವ ಕೋಡ್‌ನಡಿ ಬರುತ್ತದೆ ಎಂದು ಬರಹದಲ್ಲೇ ಕೇಳಿ. ಎರಡೂ ಕೈಗೆ ಬರುವವರೆಗೆ ಮುಂಗಡದ ಒಂದು ಡಾಲರ್ ಕೂಡ ಕಳಿಸಬೇಡಿ.

ಹೆಜ್ಜೆ 2: ದೋಣಿ ಎಲ್ಲಿ ತೇಲುತ್ತದೆ, ಯಾವ ಕೆಲಸಕ್ಕೆ?

ಮೆಡಿಟರೇನಿಯನ್ನಲ್ಲಿ ಇಡುವಿರಾದರೆ ಯೂರೋಪ್ ಒಕ್ಕೂಟದ ತಾತ್ಕಾಲಿಕ ಪ್ರವೇಶ ನಿಯಮ ತಿಳಿದಿರಲಿ. ಮಾಲೀಕರೂ ಒಕ್ಕೂಟದ ಹೊರಗಿನವರು, ಬಾವುಟವೂ ಹೊರಗಿನದು, ಬಳಕೆ ಖಾಸಗಿ ಆಗಿದ್ದರೆ, ವ್ಯಾಟ್ ಮತ್ತು ಸುಂಕ ಇಲ್ಲದೆ 18 ತಿಂಗಳವರೆಗೆ ದೋಣಿ ಅಲ್ಲಿರಬಹುದು. ಮಾಲ್ಟಾ ಬಾವುಟ ಹಾಕಿದರೆ ಈ ಅನುಕೂಲ ಸಿಗುವುದಿಲ್ಲ, ಏಕೆಂದರೆ ಮಾಲ್ಟಾ ಒಕ್ಕೂಟದ ಒಳಗಿನ ದೇಶ. ಅಗ್ಗ, ಪ್ರಸಿದ್ಧ ಎಂದು ಮಾಲ್ಟಾ ಆರಿಸಿ, ಆಮೇಲೆ ವ್ಯಾಟ್ ಬಿಲ್ ನೋಡಿ ಕಂಗಾಲಾಗುವುದು ಬೇಡ.

ಬಾಡಿಗೆಗೆ ಬಿಡುವುದಾದರೆ ಕಾನೂನಿನ ಕಣ್ಣಲ್ಲಿ ಅದು ವಾಣಿಜ್ಯ ನೌಕೆ. ಇಲ್ಲಿ ಎರಡು ಸಂಖ್ಯೆ ನೆನಪಿರಲಿ: 24 ಮೀಟರ್ ಮತ್ತು 12 ಜನ. 24 ಮೀಟರ್ ದಾಟಿದ ವಾಣಿಜ್ಯ ಯಾಟ್‌ಗೆ ರೆಡ್ ಎನ್‌ಸೈನ್ ಗುಂಪಿನ (ಇದರ ವಿವರ ಹೆಜ್ಜೆ 3ರಲ್ಲಿದೆ) ಯಾಟ್ ಕೋಡ್‌ನಂಥ ನಿಯಮಗಳು ಅನ್ವಯಿಸುತ್ತವೆ. ಬೆಂಕಿ ನಿರೋಧಕ ಬಾಗಿಲಿನಿಂದ ಹಿಡಿದು ಸಿಬ್ಬಂದಿಯ ಮಲಗುವ ಕೋಣೆಯವರೆಗೆ ತಪಾಸಣೆ ಇರುತ್ತದೆ. 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸಿದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಪ್ರಯಾಣಿಕರ ಹಡಗು. ಮೊದಲ ಬಾರಿ ಕೊಳ್ಳುವವರು 24 ಮೀಟರ್ ಒಳಗಿನ, ಖಾಸಗಿ ಬಳಕೆಯ ದೋಣಿಗೇ ನಿಲ್ಲುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 3: ಈಗ ಬಾವುಟ

ರೆಡ್ ಎನ್‌ಸೈನ್ ಗುಂಪು ಎಂದರೆ ಬ್ರಿಟನ್ ಮತ್ತು ಅದರ ಆಶ್ರಯದಲ್ಲಿರುವ ನೋಂದಣಿಗಳು. ಅದರ ಮೊದಲ ವರ್ಗದಲ್ಲಿ ಬ್ರಿಟನ್ ಜೊತೆ ಬರ್ಮುಡಾ, ಬ್ರಿಟಿಷ್ ವರ್ಜಿನ್ ದ್ವೀಪಗಳು, ಕೇಮನ್ ದ್ವೀಪಗಳು, ಜಿಬ್ರಾಲ್ಟರ್, ಐಲ್ ಆಫ್ ಮ್ಯಾನ್ ಬರುತ್ತವೆ. ಇವು ಯಾವ ಗಾತ್ರದ ನೌಕೆಯನ್ನೂ ನೋಂದಾಯಿಸಬಲ್ಲವು. ಜರ್ಸಿ, ಗರ್ನ್ಸಿಯಂಥ ಎರಡನೇ ವರ್ಗದವಕ್ಕೆ ಗಾತ್ರದ ಮಿತಿ ಇದೆ. ಬ್ರಿಟನ್ನಿನ ಸಣ್ಣ ನೌಕೆಗಳ ಪಟ್ಟಿ ಅಗ್ಗ ಎಂದು ಆಸೆಪಡಬೇಡಿ. ಅದು ಅಲ್ಲಿ ವಾಸಿಸುವವರಿಗೆ ಮಾತ್ರ. ಭಾರತೀಯ ಪಾಸ್‌ಪೋರ್ಟ್ ಇರುವವರು ಈ ಗುಂಪಿಗೆ ಸಾಮಾನ್ಯವಾಗಿ ಕಂಪನಿಯ ಮೂಲಕವೇ ಹೋಗಬೇಕಾಗುತ್ತದೆ. ಅಂದರೆ ಮತ್ತೆ ಹೆಜ್ಜೆ 1ರ ಪ್ರಶ್ನೆಗಳು ಎದುರಾಗುತ್ತವೆ.

ಮಾಲ್ಟಾದಲ್ಲಿ ಒಕ್ಕೂಟದ ಹೊರಗಿನ ಮಾಲೀಕರು ಅಲ್ಲಿಯ ನಿವಾಸಿ ಏಜೆಂಟ್ ಒಬ್ಬರನ್ನು ನೇಮಿಸಬೇಕು. ಮಾರ್ಷಲ್ ದ್ವೀಪಗಳ ನೋಂದಣಿಯ ಆಡಳಿತ ನಡೆಯುವುದು ಅಮೆರಿಕದ ವರ್ಜೀನಿಯಾದಿಂದ. ದೊಡ್ಡ ಯಾಟ್‌ಗಳ ಲೋಕದಲ್ಲಿ ಅದು ಚಿರಪರಿಚಿತ. ಒಂದು ವಿಷಯ ಮುಚ್ಚಿಡಬಾರದು. ಮಾಲ್ಟಾ, ಕೇಮನ್, ಮಾರ್ಷಲ್ ಮೂರೂ ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ‘ಅನುಕೂಲದ ಬಾವುಟ’ಗಳ, ಅಂದರೆ ಮಾಲೀಕರಿಗೆ ನಿಜವಾದ ನಂಟಿಲ್ಲದ ದೇಶದ ಬಾವುಟಗಳ, ಪಟ್ಟಿಯಲ್ಲಿವೆ. ನಮ್ಮ ಊರಿನ ಹುಡುಗರೂ ಇಂಥ ಹಡಗುಗಳಲ್ಲಿ ದುಡಿಯುತ್ತಾರೆ. ಸಿಬ್ಬಂದಿ ಇಡುವಿರಾದರೆ ಸಂಬಳ, ರಜೆ, ಮನೆಗೆ ಕಳಿಸುವ ಖರ್ಚು ಎಲ್ಲವನ್ನೂ 2006ರ ಕಡಲ ಕಾರ್ಮಿಕ ಒಪ್ಪಂದದ ಮಟ್ಟದಲ್ಲಿ ಬರೆದುಕೊಡಿ, ಕಾನೂನು ಒತ್ತಾಯ ಮಾಡದಿದ್ದರೂ ಸರಿ.

ಬಾವುಟದ ಗುಣಮಟ್ಟ ಅಳೆಯಲು ಪ್ಯಾರಿಸ್ ಎಂಒಯು (ಬಂದರಿಗೆ ಬರುವ ವಿದೇಶಿ ಹಡಗುಗಳನ್ನು ತಪಾಸಣೆ ಮಾಡುವ ದೇಶಗಳ ಕೂಟ) ಪ್ರಕಟಿಸುವ ಬಿಳಿ, ಬೂದು, ಕಪ್ಪು ಪಟ್ಟಿ ನೋಡಿ. ಬಂದರುಗಳಲ್ಲಿ ತಪಾಸಣೆಯಾದ, ತಡೆಹಿಡಿದ ಹಡಗುಗಳ ದಾಖಲೆಯ ಮೇಲೆ ಅದನ್ನು ಮಾಡುತ್ತಾರೆ. ‘ಸ್ಕ್ಯಾನ್ ಕಳಿಸಿ, ನಾಳೆಯೇ ನೋಂದಣಿ’ ಎನ್ನುವ ಜಾಲತಾಣಗಳಿಂದ ದೂರವಿರಿ. ಆ ದೇಶಕ್ಕೇ ಗೊತ್ತಿಲ್ಲದ ಹಾಗೆ ಅದರ ಹೆಸರಿನಲ್ಲಿ ನಕಲಿ ನೋಂದಣಿ ನಡೆಸುವವರಿದ್ದಾರೆ. ಹಣ ಕಟ್ಟುವ ಮೊದಲು ಆ ದೇಶದ ಸರ್ಕಾರಿ ತಾಣದಲ್ಲಿ ಏಜೆಂಟರ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ನೇರವಾಗಿ ನೋಂದಣಾಧಿಕಾರಿಗೆ ಬರೆದು ಕೇಳಿ.

ಹೆಜ್ಜೆ 4: ಹೆಸರು

ಎರಡು ಮೂರು ಹೆಸರು ಕಳಿಸಿದರೆ ಖಾಲಿ ಇರುವುದನ್ನು ಕಾಯ್ದಿರಿಸುತ್ತಾರೆ. ಅದೇ ಪಟ್ಟಿಯಲ್ಲಿ ಬೇರೆ ನೌಕೆಗಿರುವ ಹೆಸರು ಸಿಗುವುದಿಲ್ಲ. ಅಪಾಯದ ಕರೆಯಂತೆ ಕೇಳಿಸುವುದನ್ನೂ ಕೊಡುವುದಿಲ್ಲ. ನಮ್ಮ ಬೆಟ್ಟ, ನದಿಗಳ ಹೆಸರಿಡುವುದು ಚೆಂದವೇ. ಆದರೆ ರೇಡಿಯೋದಲ್ಲಿ ಹೆಸರನ್ನು ಒಂದೊಂದೇ ರೋಮನ್ ಅಕ್ಷರವಾಗಿ ಹೇಳಬೇಕಾಗುತ್ತದೆ. ತಡಿಯಂಡಮೋಳ್ ಎಂದಿಟ್ಟರೆ 13 ಅಕ್ಷರ. ಗಾಳಿ ಮಳೆಯಲ್ಲಿ ಗ್ರೀಸಿನ ಬಂದರು ಅಧಿಕಾರಿಗೆ ಅದನ್ನು ತಿಳಿಸುವುದು ಕಷ್ಟ. ಕಾವೇರಿಗೆ ರೋಮನ್‌ನಲ್ಲಿ ಎರಡು ಮೂರು ಕಾಗುಣಿತ ಚಾಲ್ತಿಯಲ್ಲಿವೆ. ಒಂದನ್ನು ಆರಿಸಿ, ಎಲ್ಲ ಕಾಗದದಲ್ಲೂ ಅದನ್ನೇ ಬರೆಯಿರಿ.

ಹೆಜ್ಜೆ 5: ಕಾಗದಗಳ ಸರಪಳಿ

ಹೆಚ್ಚು ಅರ್ಜಿಗಳು ನಿಲ್ಲುವುದು ಇಲ್ಲೇ. ಹೊಸ ದೋಣಿಗೆ ಕಟ್ಟಿದವರ ಪ್ರಮಾಣಪತ್ರ ಬೇಕು. ಹಳೆಯದಕ್ಕೆ ಕಟ್ಟಿದ ದಿನದಿಂದ ಇವತ್ತಿನವರೆಗಿನ ಮಾರಾಟ ಪತ್ರಗಳು ಬೇಕು. ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರೇ ಉಳಿದು, ಇವತ್ತಿನವರು ಸಾಲಕ್ಕೂ ಮಾರಾಟಕ್ಕೂ ಒದ್ದಾಡುವುದನ್ನು ಕೊಡಗಿನವರು ಕಂಡಿದ್ದೇವೆ. ದೋಣಿಯ ಕಾಗದದಲ್ಲೂ ನಡುವಿನ ಒಬ್ಬ ಮಾಲೀಕನ ಪತ್ರ ಕಾಣೆಯಾದರೆ ಅದೇ ಪಾಡು. ಆದ್ದರಿಂದ ಬೆಲೆ ಮಾತಾಡುವ ಮೊದಲೇ ಎಲ್ಲ ಪತ್ರಗಳ ಪ್ರತಿ ತರಿಸಿ, ಹೆಸರು ಮತ್ತು ದಿನಾಂಕ ಒಂದಕ್ಕೊಂದು ಕೂಡುತ್ತವೆಯೇ ನೋಡಿ.

ಹಳೆಯ ದೋಣಿಯಾದರೆ ಹಿಂದಿನ ನೋಂದಣಿಯಿಂದ ಎರಡು ಕಾಗದ ಬೇಕು. ಒಂದು, ಸಾಲದ ಅಡಮಾನ ಬಾಕಿ ಇಲ್ಲ ಎಂದು ತೋರಿಸುವ ನೋಂದಣಿ ಪ್ರತಿ. ಇನ್ನೊಂದು, ಹಳೆಯ ಪಟ್ಟಿಯಿಂದ ಹೆಸರು ತೆಗೆದ ರದ್ದತಿ ಪತ್ರ. ಹಳೆಯ ಬಾವುಟ ಇಳಿಯದೆ ಹೊಸದು ಏರುವುದಿಲ್ಲ. ಮಾರುವವರಿಗೆ ಪೂರ್ತಿ ಹಣ ಸಂದ ಮೇಲೆ ರದ್ದತಿ ಪತ್ರಕ್ಕಾಗಿ ಅಂಗಲಾಚುವ ಪರಿಸ್ಥಿತಿ ಬರಬಾರದು. ಕೊನೆಯ ಕಂತನ್ನು ಆ ಪತ್ರಕ್ಕೆ ಕಟ್ಟಿಹಾಕುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.

ದೋಣಿಯ ಮೈಮೇಲೆ 14 ಅಕ್ಷರ ಮತ್ತು ಅಂಕಿಗಳ ಹಲ್ (ದೋಣಿಯ ಒಡಲು) ಗುರುತಿನ ಸಂಖ್ಯೆ ಕೊರೆದಿರುತ್ತದೆ. ಕಾಗದದಲ್ಲಿರುವುದೂ ಅದೂ ಒಂದೇ ಇರಬೇಕು. ಯೂರೋಪ್ ಮಾರುಕಟ್ಟೆಯ 2.5ರಿಂದ 24 ಮೀಟರ್‌ವರೆಗಿನ ದೋಣಿಗೆ ಸಿಇ ಗುರುತು ಮತ್ತು ಅಲ್ಲಿಯ ಸುರಕ್ಷತಾ ನಿಯಮ ಪಾಲಿಸಿದೆ ಎಂಬ ಅನುಸರಣೆ ಘೋಷಣೆ ಇರಬೇಕು. ಅದರಲ್ಲಿ ಎ, ಬಿ, ಸಿ, ಡಿ ಎಂಬ ವರ್ಗ ಬರೆದಿರುತ್ತದೆ. ಎ ಎಂದರೆ ಮಹಾಸಾಗರಕ್ಕೆ ತಕ್ಕದ್ದು, ಡಿ ಎಂದರೆ ಕೆರೆ, ಹಿನ್ನೀರಿನಂಥ ಶಾಂತ ನೀರಿಗೆ.

ಇನ್ನು ನಿಮ್ಮ ಸ್ವಂತ ಕಾಗದ. ಕೊಡವ ಹೆಸರಿನ ಮುಂದೆ ಮನೆ ಹೆಸರು ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದು ಪೂರ್ತಿ ಇರುತ್ತದೆ, ಪ್ಯಾನ್‌ನಲ್ಲಿ ಬರೀ ಇನಿಶಿಯಲ್ ಇರುತ್ತದೆ, ಬ್ಯಾಂಕಿನಲ್ಲಿ ಮೂರನೆಯ ರೂಪ. ವಿದೇಶಿ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್‌ಗೆ ಹೊಂದುವಂತೆ ಉಳಿದವನ್ನು ತಿದ್ದಿಸಿ. ಆಗದಿದ್ದರೆ ಎಲ್ಲ ರೂಪಗಳೂ ಒಬ್ಬರದೇ ಎಂಬ ಪ್ರಮಾಣಪತ್ರ ಮಾಡಿಸಿ.

ಪವರ್ ಆಫ್ ಅಟಾರ್ನಿಯಂಥ ಕಾಗದಕ್ಕೆ ಮಡಿಕೇರಿ ಅಥವಾ ವಿರಾಜಪೇಟೆಯ ನೋಟರಿ ಸಹಿ ಸಿಗುತ್ತದೆ. ಅಷ್ಟರಿಂದ ವಿದೇಶದಲ್ಲಿ ಕೆಲಸ ಆಗುವುದಿಲ್ಲ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ ಆಗಿ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಎಂದು ಬೇರೆ ದೇಶಗಳು ಒಪ್ಪುವ ದೃಢೀಕರಣ) ಬೀಳಬೇಕು. ಅಪೊಸ್ಟಿಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಈ ಕೆಲಸ ಮೇ ತಿಂಗಳ ಒಳಗೆ ಮುಗಿಸಿ. ಮೆಡಿಟರೇನಿಯನ್ನಲ್ಲಿ ದೋಣಿ ಓಡಿಸುವ ಕಾಲವೂ, ನಮ್ಮಲ್ಲಿ ಮುಂಗಾರಿನ ಅಬ್ಬರವೂ ಒಂದೇ ಹೊತ್ತಿಗೆ ಬರುತ್ತವೆ. ಜುಲೈನಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಇಲ್ಲದೆ, ಘಾಟಿಯಲ್ಲಿ ಮಣ್ಣು ಕುಸಿದು ಕೊರಿಯರ್ ನಿಂತಾಗ ಮೂಲ ಸಹಿ ಕಳಿಸಿ ಎಂದು ಏಜೆಂಟ್ ಕೇಳಿದರೆ ಏನು ಮಾಡುತ್ತೀರಿ? ನಂಬಿಕಸ್ಥರಿಗೆ ಆ ಒಂದು ಖರೀದಿಗೆ ಮಾತ್ರ, ಅವಧಿ ಬರೆದ, ಸೀಮಿತ ಅಧಿಕಾರ ಕೊಟ್ಟಿರಿ.

ಹೆಜ್ಜೆ 6: ಅಳತೆ, ತಾತ್ಕಾಲಿಕ ನೋಂದಣಿ, ಕೆತ್ತನೆ

ಬಾವುಟದ ದೇಶ ಒಪ್ಪಿದ ಸರ್ವೇಯರ್ ಬಂದು ಟನೇಜ್ ಅಳೆಯುತ್ತಾರೆ. ಟನೇಜ್ ಎಂದರೆ ತೂಕವಲ್ಲ, ಒಳಗಿನ ಗಾತ್ರದ ಲೆಕ್ಕ. 24 ಮೀಟರ್ ಮತ್ತು ಮೇಲಿನವಕ್ಕೆ 1969ರ ಅಂತರರಾಷ್ಟ್ರೀಯ ಟನೇಜ್ ಒಪ್ಪಂದದ ಪ್ರಕಾರ ಅಳತೆ. ಮೂಲ ಕಾಗದ ಬರುವುದು ತಡವಾದರೆ ತಾತ್ಕಾಲಿಕ ನೋಂದಣಿ ಪಡೆಯಬಹುದು. ಮಾಲ್ಟಾದಲ್ಲಿ ಅದು 6 ತಿಂಗಳಿಗೆ, ಕೇಳಿದರೆ ಇನ್ನೂ 6 ತಿಂಗಳಿಗೆ ಸಿಗುತ್ತದೆ. ಆ ಗಡುವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಅವಧಿ ಮುಗಿದ ನೋಂದಣಿ ಇಟ್ಟುಕೊಂಡು ಓಡಿಸಿದರೆ ವಿಮೆ ಕೈಕೊಡಬಹುದು.

ರೆಡ್ ಎನ್‌ಸೈನ್ ಗುಂಪಿನಲ್ಲಿ ಕೆತ್ತನೆಯ ಚೀಟಿ ಎಂಬುದೊಂದು ಬರುತ್ತದೆ. ಅಧಿಕೃತ ಸಂಖ್ಯೆ ಮತ್ತು ಟನೇಜನ್ನು ದೋಣಿಯ ಒಳಗಿನ ಮುಖ್ಯ ತೊಲೆಯ ಮೇಲೆ ಅಳಿಸಲಾಗದಂತೆ ಕೆತ್ತಬೇಕು. ಹೆಸರು ಮತ್ತು ನೋಂದಣಿ ಬಂದರಿನ ಹೆಸರನ್ನು ಹಿಂಭಾಗದಲ್ಲಿ ಬರೆಯಬೇಕು. ಸರ್ವೇಯರ್ ಕಣ್ಣಾರೆ ನೋಡಿ ಸಹಿ ಹಾಕಿದ ಆ ಚೀಟಿ ಕಚೇರಿಗೆ ಮರಳಿದ ಮೇಲೆಯೇ ಶಾಶ್ವತ ಪ್ರಮಾಣಪತ್ರ.

ಹೆಜ್ಜೆ 7: ರೇಡಿಯೋ ಮತ್ತು ಜೀವ ಉಳಿಸುವ ಸಂಖ್ಯೆ

ಎಷ್ಟೋ ಮಾಲೀಕರು ಇದನ್ನು ಕೊನೆಗೆ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಾವುಟದ ಜೊತೆಗೆ ರೇಡಿಯೋ ಪರವಾನಗಿ, ಕರೆ ಗುರುತು ಮತ್ತು ರೇಡಿಯೋದಲ್ಲಿ ನೌಕೆಯನ್ನು ಗುರುತಿಸುವ 9 ಅಂಕಿಯ ಎಂಎಂಎಸ್‌ಐ ಸಂಖ್ಯೆ ಬರುತ್ತವೆ. ಎಂಎಂಎಸ್‌ಐನ ಮೊದಲ ಮೂರು ಅಂಕಿ ದೇಶದ್ದು. ಭಾರತಕ್ಕೆ 419, ಕೇಮನ್‌ಗೆ 319, ಮಾರ್ಷಲ್ ದ್ವೀಪಗಳಿಗೆ 538. ಬಾವುಟ ಬದಲಾದರೆ ಈ ಸಂಖ್ಯೆಯೂ ಬದಲಾಗಬೇಕು. ರೇಡಿಯೋ, ಎಐಎಸ್ (ದೋಣಿ ಇರುವ ಜಾಗವನ್ನು ಸುತ್ತಲಿನ ಹಡಗುಗಳಿಗೆ ತಿಳಿಸುವ ಸಾಧನ), ಇಪಿಐಆರ್‌ಬಿ ಮೂರರಲ್ಲೂ ತಂತ್ರಜ್ಞರಿಂದ ಹೊಸ ಸಂಖ್ಯೆ ಹಾಕಿಸಬೇಕು.

ಇಪಿಐಆರ್‌ಬಿ ಎಂದರೆ ದೋಣಿ ಮುಳುಗುವಾಗ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುವ ಸಾಧನ. ನಮ್ಮ ಕಡೆಯ ಸಮುದ್ರದಲ್ಲಿ ಅದು ಕೂಗಿದರೆ ಸಂದೇಶ ಬಂದು ಬೀಳುವುದು ಬೆಂಗಳೂರಿನ ಇಸ್ರೋ ಇಸ್ಟ್ರಾಕ್‌ನಲ್ಲಿರುವ ಭಾರತೀಯ ಮಿಷನ್ ಕಂಟ್ರೋಲ್ ಕೇಂದ್ರಕ್ಕೆ. ಸಾಧನದಲ್ಲಿ ಹಳೆಯ ದೇಶದ ಕೋಡ್ ಉಳಿದಿದ್ದರೆ, ರಕ್ಷಣಾ ಕೇಂದ್ರದವರು ಹಳೆಯ ದೇಶದ ದಾಖಲೆ ತೆರೆಯುತ್ತಾರೆ, ಹಳೆಯ ಮಾಲೀಕನಿಗೆ ಫೋನ್ ಮಾಡುತ್ತಾರೆ. ಅವನು ಮನೆಯಲ್ಲಿ ಹಾಯಾಗಿ ಕೂತಿರುತ್ತಾನೆ. ನಿಮ್ಮ ಮನೆಯವರಿಗೆ ಸುದ್ದಿಯೇ ತಲುಪುವುದಿಲ್ಲ. ಹೊಸ ನೋಂದಣಿಯಲ್ಲಿ ತುರ್ತು ಸಂಪರ್ಕವಾಗಿ ಎರಡು ನಂಬರ್ ಕೊಡಿ. ಅವುಗಳಲ್ಲಿ ಒಂದು ಮಳೆಗಾಲದಲ್ಲೂ ನೆಟ್‌ವರ್ಕ್ ಸಿಗುವ ಊರಿನವರದ್ದಾಗಿರಲಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರದ್ದು.

ನೋಂದಣಿ ಆದ ಮೇಲೆ

ಪ್ರತಿ ವರ್ಷ ನೋಂದಣಿ ಶುಲ್ಕ, ಕಂಪನಿ ಇದ್ದರೆ ಅದರ ವಾರ್ಷಿಕ ಶುಲ್ಕ, ವಿಮೆ, ರೇಡಿಯೋ ಪರವಾನಗಿ. ಒಂದು ತಪ್ಪಿದರೂ ಉಳಿದವು ಅಲುಗಾಡುತ್ತವೆ.

ಭಾರತದಲ್ಲಿ ನಿವಾಸಿ ಮತ್ತು ಸಾಮಾನ್ಯ ನಿವಾಸಿ ಆಗಿರುವವರು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ದೋಣಿಯನ್ನು ಬರೆಯಲೇಬೇಕು. ಆ ಪಟ್ಟಿಯ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲ, ರಿಟರ್ನ್ ಯಾಕೆ ಎಂದು ಕೂರುವಂತಿಲ್ಲ. ವಿದೇಶಿ ಆಸ್ತಿ ಇದ್ದರೆ ರಿಟರ್ನ್ ಕಡ್ಡಾಯ. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ₹10 ಲಕ್ಷ ದಂಡ ಬೀಳಬಹುದು.

ದೋಣಿಯನ್ನು ಕೊಚ್ಚಿಯ ಬೋಳ್ಗಾಟಿ ಮರೀನಾಗೋ ಗೋವಾಕ್ಕೋ ತರುವ ಆಸೆ ಎಲ್ಲರಿಗೂ ಬರುತ್ತದೆ. ಭೇಟಿಗೆ ಬರುವುದು ಬೇರೆ, ಇಲ್ಲೇ ಇಟ್ಟುಕೊಳ್ಳುವುದು ಬೇರೆ. ಆಮದು ಮಾಡಿದರೆ ಕಸ್ಟಮ್ಸ್ ಸುಂಕದ ಮೇಲೆ ಜಿಎಸ್‌ಟಿಯೂ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಯಾಟ್‌ಗಳಿಗೆ ಅದು ಶೇ 40. ವಿದೇಶಿ ಬಾವುಟದಲ್ಲಿ ಭಾರತದ ಕರಾವಳಿಯಲ್ಲಿ ಬಾಡಿಗೆ ಓಡಿಸಲು ನೌಕಾಯಾನ ಮಹಾನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಪರವಾನಗಿ ಬೇಕು. ಬರೀ ಭೇಟಿಗಾದರೂ ಬರುವ ಮೊದಲೇ ಬಂದರಿನ ಏಜೆಂಟರ ಮೂಲಕ ಕಸ್ಟಮ್ಸ್, ವಲಸೆ ಮತ್ತು ಬಂದರು ಕಚೇರಿಗೆ ಕಾಗದ ಕಳಿಸಿರಬೇಕು. ದೋಣಿಯಲ್ಲಿ ತುರಾಯಾ ಅಥವಾ ಇರಿಡಿಯಂ ಉಪಗ್ರಹ ಫೋನ್ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಭಾರತದ ನೀರಿನಲ್ಲಿ ಅನುಮತಿ ಇಲ್ಲದೆ ಅದನ್ನು ಬಳಸಿದವರು ಪೊಲೀಸ್ ಕೇಸ್ ಎದುರಿಸಿದ್ದಾರೆ. ಅನುಮತಿ ಸಿಗದಿದ್ದರೆ ಹಿಂದಿನ ಬಂದರಿನಲ್ಲೇ ಇಳಿಸಿ ಬನ್ನಿ.